ಹನ್ನೆರಡು ಕುದುರೆಗಳ ಲೆಕ್ಕ

ಇರುವ ಶಕ್ತಿ ಸಾಲದು ಎಂಬ ಕೊರಗು ಮನುಷ್ಯನಿಗೆ ಹೊಸದೇನೂ ಅಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಆತನು ಎತ್ತಿನ ಬಾಲವನ್ನು ತಿರುಚುತ್ತಿದ್ದನು. ಮೋಟಾರಿನ ಕಾಲದಲ್ಲಿ ಕಾರ್ಬ್ಯುರೇಟರಿನ ತಿರುಪನ್ನು ತಿರುಚುತ್ತಾನೆ. ಎತ್ತಿಗಾದರೂ ನೋವಾದರೆ ಒದೆಯುವ ಸ್ವಾತಂತ್ರ್ಯವಿತ್ತು. ಎಂಜಿನ್ನು ಅದಕ್ಕಿಂತಲೂ ಮೂಕ. ಅದು ಒಳಗೊಳಗೇ ಬೆಂದು, ಒಂದು ದಿನ ನಡುರಸ್ತೆಯಲ್ಲಿ ಕಚ್ಚಿಕೊಂಡು ನಿಂತುಬಿಡುತ್ತದೆ. ಆಗ ಅದರ ಒಡೆಯನು ಅದನ್ನು ತಳ್ಳಿಕೊಂಡು ಮನೆಗೆ ಬರುತ್ತಾನೆ. ಶಕ್ತಿ ಎಂದರೇನೆಂಬುದು ಅವನಿಗೆ ತನ್ನ ಮೊಣಕಾಲುಗಳ ಮೂಲಕ ತಿಳಿಯುತ್ತದೆ.

ಈ ಆಸೆಯನ್ನು ಕೆರಳಿಸುವುದರಲ್ಲಿ ಎರಡು ಹೊಡೆತದ ಎಂಜಿನ್ನನ್ನು ಮೀರಿಸುವ ಯಂತ್ರ ಮತ್ತೊಂದಿಲ್ಲ. ಅದಕ್ಕೆ ಕಾರಣ ಅದರ ಸರಳತೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕವಾಟಗಳು, ಅವನ್ನು ಎತ್ತುವ ಕ್ಯಾಮುಗಳು, ಅವನ್ನು ಮುಚ್ಚುವ ಸ್ಪ್ರಿಂಗುಗಳು ಎಂದು ದೊಡ್ಡದೊಂದು ಸಂಸಾರವೇ ಇರುತ್ತದೆ. ಇದರಲ್ಲಿ ಅದಾವುದೂ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೆಲವು ಕಿಂಡಿಗಳು. ಮೇಲಕ್ಕೂ ಕೆಳಕ್ಕೂ ಓಡಾಡುವ ಪಿಸ್ಟನ್ನೇ ಆ ಕಿಂಡಿಗಳ ಬಾಗಿಲು. ಪಿಸ್ಟನ್ನು ಮೇಲೇರುವಾಗ ಅದರ ಕೆಳಗಿನ ಕೋಣೆಯು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಇಳಿಯುವಾಗ ಅದೇ ಮಿಶ್ರಣವು ಒತ್ತಲ್ಪಟ್ಟು, ಸಾಗಣೆಯ ಕಿಂಡಿಗಳಿಂದ ಮೇಲಕ್ಕೆ ನುಗ್ಗಿ, ಸುಟ್ಟ ಹೊಗೆಯನ್ನು ಹೊಗೆಕಿಂಡಿಯಿಂದ ಹೊರದೂಡುತ್ತದೆ. ಪ್ರತಿಯೊಂದು ಸುತ್ತಿಗೂ ಒಂದು ಸ್ಫೋಟ. ನಾಲ್ಕು ಹೊಡೆತದ ಎಂಜಿನ್ನಿಗಾದರೋ ಎರಡು ಸುತ್ತಿಗೊಮ್ಮೆ ಮಾತ್ರ. ಇಷ್ಟು ಸರಳವಾದ ಯಂತ್ರವನ್ನು ಕಂಡಾಗ, ಕೈಯಲ್ಲಿ ಅರ ಹಿಡಿಯಬಲ್ಲ ತರುಣನಿಗೆ 'ಈ ಕಿಂಡಿಯನ್ನು ಇನ್ನಷ್ಟು ದೊಡ್ಡದು ಮಾಡಿದರೆ?' ಎಂಬ ಯೋಚನೆ ಬಾರದಿದ್ದರೆ ಅದೇ ಆಶ್ಚರ್ಯ.

ಅಂಥದೊಂದು ಯೋಚನೆ ನಮ್ಮ ಅಣ್ಣನ ಮಗನಿಗೆ ಬಂದಿತು.

ಅಣ್ಣನ ಮನೆಯ ಹಿತ್ತಿಲಿನ ಷೆಡ್ಡಿನಲ್ಲಿ 250 ಸಿ.ಸಿ.ಯ ಒಂದು ಜಾವಾ ಮೋಟಾರು ಸೈಕಲಿದೆ. 1971ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಅಣ್ಣನು 1984ರಲ್ಲಿ ಅದನ್ನು ಎರಡನೆಯ ಕೈಯಿಂದ ಕೊಂಡಿದ್ದನು. ಜೆಕೊಸ್ಲೊವಾಕಿಯಾದ ವಿನ್ಯಾಸವನ್ನು ಪರವಾನಗಿಯ ಮೇಲೆ ತಂದು 1960ರ ದಶಕದ ಆರಂಭದಿಂದ ಮೈಸೂರಿನಲ್ಲಿ ತಯಾರಿಸಿದ ಈ ವಾಹನವನ್ನು ಹಳೆಯ ತಲೆಮಾರಿನ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಎರಡು ಹೊಗೆಕೊಳವೆಗಳು, ಒದ್ದು ಚಾಲೂ ಮಾಡುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಸನ್ನೆ, ದೂರದಿಂದಲೇ ಗುರುತು ಹಿಡಿಯಬಹುದಾದ ಆ 'ಡುಗು ಡುಗು' ಸದ್ದು. ಮುಂದೆ ಅದರ ಹೆಸರು ಯೆಜ್ಡಿ ಎಂದಾಯಿತು; 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ರಸ್ತೆಗೆ ಬಂದಿತಾದರೂ ಆ ಹೊಸ ವಾಹನದ್ದು ನಾಲ್ಕು ಹೊಡೆತದ ಎಂಜಿನ್ನು. ಹೆಸರೊಂದೇ, ಹೃದಯ ಬೇರೆ.

ಅಣ್ಣನು 2021ರಲ್ಲಿ ತೀರಿಕೊಂಡನು. ಗಾಡಿ ಷೆಡ್ಡಿನಲ್ಲಿಯೇ ನಿಂತಿತು. ಎರಡು ವರ್ಷಗಳಾದ ಮೇಲೆ ಮಗನು ಅದನ್ನು ಹೊರಕ್ಕೆ ತಳ್ಳಿಕೊಂಡು ಬಂದು, ಹೇಗೋ ಚಾಲೂ ಮಾಡಿ, ಒಂದು ಸುತ್ತು ಹೋಗಿ ಬಂದನು. ಮುಖ ಸಪ್ಪಗಿತ್ತು. "ಚಿಕ್ಕಪ್ಪ, ಇದರಲ್ಲಿ ಶಕ್ತಿಯೇ ಇಲ್ಲ. ನನ್ನ ಗೆಳೆಯನ ಯಮಹಾ ಆರ್‌ಎಕ್ಸ್ 100 ನೋಡಿ. ಬರೀ 98 ಸಿ.ಸಿ.; ಹನ್ನೊಂದು ಅಶ್ವಶಕ್ತಿ. ಇದು 248.5 ಸಿ.ಸಿ.; ಕೊಡುವುದು ಹನ್ನೆರಡೇ. ಉಳಿದ ಕುದುರೆಗಳೆಲ್ಲ ಒಳಗೇ ಮಲಗಿವೆ. ಎಬ್ಬಿಸಬೇಕು" ಎಂದನು.

ಅವನ ಅಂಕಿಗಳೇನೂ ಸುಳ್ಳಲ್ಲ. ಆದರೆ ಅಂಕಿಗಳ ಪಕ್ಕದಲ್ಲಿ ನಿಂತಿರುವ ಇನ್ನೊಂದು ಅಂಕಿಯನ್ನು ಅವನು ಓದಿರಲಿಲ್ಲ. ಜಾವಾ ತನ್ನ ಹನ್ನೆರಡು ಅಶ್ವಶಕ್ತಿಯನ್ನು ಕೊಡುವುದು ನಿಮಿಷಕ್ಕೆ 4750 ಸುತ್ತುಗಳಲ್ಲಿ. ಆರ್‌ಎಕ್ಸ್ 100 ತನ್ನ ಹನ್ನೊಂದನ್ನು ಕೊಡುವುದು 7500 ಸುತ್ತುಗಳಲ್ಲಿ. ಒಂದು ಸೆಕೆಂಡಿಗೆ ಜಾವಾ 79 ಬಾರಿ ತಳ್ಳಿದರೆ ಇನ್ನೊಂದು 125 ಬಾರಿ ತಳ್ಳುತ್ತದೆ. ಅಶ್ವಶಕ್ತಿಯೆಂಬುದು ತಳ್ಳುವ ಬಲವನ್ನೂ ತಳ್ಳುವ ವೇಗವನ್ನೂ ಗುಣಿಸಿದ ಮೊತ್ತವೇ ಹೊರತು ಬೇರೇನೂ ಅಲ್ಲ. ಭಾಗಿಸಿ ನೋಡಿದರೆ, ಆ ಸುತ್ತುಗಳಲ್ಲಿ ಜಾವಾದ ತಿರುಗುಬಲವು ಆರ್‌ಎಕ್ಸಿನದಕ್ಕಿಂತ ಸುಮಾರು ಒಂದೂಮುಕ್ಕಾಲು ಪಟ್ಟು. ಒಂದು, ನಿಧಾನವಾಗಿ ಹೆಜ್ಜೆಯಿಟ್ಟು ಹೊರೆ ಹೊರುವ ಗಂಡಾಳು. ಇನ್ನೊಂದು, ಓಟದ ಹುಡುಗ. ಹೊರೆಯಾಳನ್ನು ಓಟದಲ್ಲಿ ಸೋತನೆಂದು ಬಯ್ಯುವುದು ನ್ಯಾಯವೇ?

ತರುಣರು ನ್ಯಾಯಕ್ಕಿಂತ ದೃಷ್ಟಾಂತವನ್ನು ಹೆಚ್ಚಾಗಿ ನಂಬುತ್ತಾರೆ. ಅವನು ತನ್ನ ಕೈಫೋನಿನಲ್ಲಿ ಅಮೆರಿಕದ ಚಲಚ್ಚಿತ್ರಗಳನ್ನು ತೋರಿಸಿದನು. ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಎಂಬಲ್ಲಿ ಮರುಭೂಮಿಯ ಮರಳು ದಿಬ್ಬಗಳಿವೆ. ಅಲ್ಲಿ ಉಬ್ಬಿದ ನಾಲ್ಕು ಗಾಲಿಗಳ ಒಂಟಿಯಾಳಿನ ವಾಹನಗಳು ಮರಳಿನ ಗೋಡೆಯನ್ನು ಕಾರಂಜಿಯಂತೆ ಎರಚುತ್ತ ಮೇಲಕ್ಕೇರುತ್ತವೆ. ಅವುಗಳ ಪೈಕಿ ಬಹು ಪ್ರಸಿದ್ಧವಾದದ್ದು 1987ರಲ್ಲಿ ಬಂದ ಯಮಹಾ ಬ್ಯಾನ್ಷೀ. ಎರಡು ಸಿಲಿಂಡರು, ಎರಡು ಹೊಡೆತ, 347 ಸಿ.ಸಿ. ನಮ್ಮಲ್ಲಿ 1980ರ ದಶಕದಲ್ಲಿ ಮಾರಾಟವಾದ ರಾಜದೂತ್ 350ರ ಸಿಲಿಂಡರಿನ ಅಳತೆಯೂ ಅದೇ: ವ್ಯಾಸ 64 ಮಿಲಿಮೀಟರು, ಓಟ 54. ಅಲ್ಲಿನ ಹವ್ಯಾಸಿಗಳು ಆ ಎಂಜಿನ್ನನ್ನು ಬಿಚ್ಚಿ, ಓಟವನ್ನು ನಾಲ್ಕು ಮಿಲಿಮೀಟರು ಹಿಗ್ಗಿಸುವ ಕ್ರ್ಯಾಂಕನ್ನು ಹಾಕಿ 373 ಸಿ.ಸಿ. ಮಾಡಿಕೊಳ್ಳುತ್ತಾರೆ, ಕಿಂಡಿಗಳನ್ನು ಅರೆಯುತ್ತಾರೆ, ಹೊಗೆಕೊಳವೆಗಳನ್ನು ಬದಲಿಸುತ್ತಾರೆ. ಆ ವಾಹನದ ಮಾರಾಟ ಅಮೆರಿಕದಲ್ಲಿ 2006ರ ಮಾದರಿಯೊಂದಿಗೆ ನಿಂತಿತಾದರೂ ಹುಚ್ಚು ನಿಲ್ಲಲಿಲ್ಲ.

"ನೋಡಿದಿರಾ?" ಎಂದನು ಹುಡುಗ.

ನೋಡಿದೆನು. ಗಾಲಿ ಹೂತುಹೋಗುವ ಸಡಿಲ ಮರಳು, ಎದುರಿಗೆ ದಿಬ್ಬ, ಸುತ್ತ ಮೈಲಿಗಟ್ಟಲೆ ಬಯಲು. ಅಲ್ಲಿ ಎಂಜಿನ್ನು ಸದಾ ತನ್ನ ಎತ್ತರದ ಸುತ್ತಿನಲ್ಲಿಯೇ ಅರಚುತ್ತಿರಬೇಕು. ನಿಧಾನವಾಗಿ ಹೋಗುವ ಪ್ರಶ್ನೆಯೇ ಇಲ್ಲ. ನಮ್ಮ ಬೀದಿಯಲ್ಲಾದರೋ ಮೊದಲ ತಿರುವಿಗೆ ಹಸು, ಎರಡನೆಯದಕ್ಕೆ ಶಾಲೆಯ ಮಕ್ಕಳು, ಮೂರನೆಯದಕ್ಕೆ ತರಕಾರಿಯ ಗಾಡಿ. ಮರಳುಗಾಡಿನ ಔಷಧಿಯನ್ನು ಮನೆಯ ರೋಗಿಗೆ ಕುಡಿಸುವ ಮೊದಲು ಯಾರನ್ನಾದರೂ ಕೇಳುವುದು ಒಳ್ಳೆಯದೆಂದು ನಾವಿಬ್ಬರೂ ಒಪ್ಪಿಕೊಂಡೆವು.

ಹಾಗೆ ಕೇಳಲು ಹೋದದ್ದು ಒಬ್ಬ ವೃದ್ಧ ಮೇಸ್ತ್ರಿಗಳ ಬಳಿಗೆ. ನಲವತ್ತು ವರ್ಷಗಳಿಂದ ಈ ಗಾಡಿಗಳನ್ನೇ ಬಿಚ್ಚಿ ಜೋಡಿಸುತ್ತ ಬಂದವರು. ಹುಡುಗನ ಆಸೆಯನ್ನು ಪೂರ್ತಿಯಾಗಿ ಕೇಳಿಸಿಕೊಂಡ ಮೇಲೆ ಅವರು ಒಂದೇ ಪ್ರಶ್ನೆ ಹಾಕಿದರು: "ಹದಿನೈದು ಕುದುರೆ ಬೇಕು ಅಂತೀಯಲ್ಲಪ್ಪ, ಇರುವ ಹನ್ನೆರಡರಲ್ಲಿ ಈಗ ಎಷ್ಟು ಲಾಯದಲ್ಲಿವೆ, ಎಣಿಸಿದ್ದೀಯಾ?"

ಅವರು ಎಣಿಸತೊಡಗಿದರು. ಹೊಗೆಕಿಂಡಿಗಳ ಬಾಯಿಯಲ್ಲಿ ವರ್ಷಾಂತರದ ಮಸಿ ಕಲ್ಲಿನಂತೆ ಕಟ್ಟಿಕೊಂಡು ದಾರಿ ಕಿರಿದಾಗಿತ್ತು. ಸೈಲೆನ್ಸರಿನ ಒಳಗಿನ ತೂತುಗಳ ಗತಿಯೂ ಅದೇ. ಪೆಟ್ರೋಲಿನೊಂದಿಗೆ ಎಣ್ಣೆಯನ್ನೂ ಕುಡಿಯುವ ಎಂಜಿನ್ನಿಗೆ ಇದು ಹುಟ್ಟಿನಿಂದ ಬಂದ ಕಾಯಿಲೆ. ಕ್ರ್ಯಾಂಕಿನ ಪಕ್ಕದ ಆಯಿಲ್ ಸೀಲುಗಳು ಗಟ್ಟಿಯಾಗಿ ಬಿರುಕುಬಿಟ್ಟಿದ್ದವು. ಈ ಎಂಜಿನ್ನಿನಲ್ಲಿ ಕೆಳಗಿನ ಕೋಣೆಯೇ ಒಂದು ತಿದಿ. ತೂತುಬಿದ್ದ ತಿದಿಯಿಂದ ಕಮ್ಮಾರನ ಒಲೆ ಹೇಗೆ ಉರಿದೀತು? ಕಿಡಿ ಹೊತ್ತಿಸುವ ಪಾಯಿಂಟುಗಳು ಸವೆದು ಕಿಡಿಯ ವೇಳೆ ಹಿಂದುಮುಂದಾಗಿತ್ತು. ಪಿಸ್ಟನ್ನಿನ ಉಂಗುರಗಳು ಸಡಿಲವಾಗಿದ್ದವು. ಹಿಂದಿನ ಗಾಲಿಯ ಬ್ರೇಕು ಒತ್ತದಿದ್ದರೂ ಹಿಡಿದುಕೊಳ್ಳುತ್ತಿತ್ತು.

"ಎಂಟು ಇದ್ದರೆ ಹೆಚ್ಚು" ಎಂದು ಮೇಸ್ತ್ರಿಗಳು ತೀರ್ಪು ಕೊಟ್ಟರು. "ಕಳೆದುಹೋದ ನಾಲ್ಕನ್ನು ಮೊದಲು ಹುಡುಕೋಣ. ಹೊಸ ಕುದುರೆಗಳ ಮಾತು ಆಮೇಲೆ."

ಮೂರು ವಾರಗಳ ಕೆಲಸ. ಮಸಿ ಕೆತ್ತಿದರು, ಸೀಲು ಬದಲಾಯಿಸಿದರು, ಉಂಗುರಗಳನ್ನು ಹಾಕಿದರು, ಕಿಡಿಯ ವೇಳೆಯನ್ನು ಸರಿಪಡಿಸಿದರು. ಒಂದು ಚೂರು ಲೋಹವನ್ನೂ ಹೊಸದಾಗಿ ಅರೆಯಲಿಲ್ಲ. ಗಾಡಿಯನ್ನು ತಂದ ಭಾನುವಾರ ಹುಡುಗನು ನನ್ನನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟದ ರಸ್ತೆಯನ್ನು ಏರಿದನು. ನನ್ನ ತೂಕವನ್ನು ಇಲ್ಲಿ ಪ್ರಕಟಿಸುವ ಅಗತ್ಯವಿಲ್ಲ. ಗಾಡಿ ಗೊಣಗಲಿಲ್ಲವೆಂದು ಹೇಳಿದರೆ ಸಾಕು. ಹನ್ನೆರಡು ಕುದುರೆಗಳೂ ಮನೆಗೆ ಬಂದಿದ್ದವು.

ಆ ದಿನ ಹಿಂತಿರುಗಿದಾಗ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳಲೇಬೇಕು. ಅಣ್ಣನು ಕಚೇರಿಯಿಂದ ಬರುವಾಗ ಬೀದಿಯ ತಿರುವಿನಲ್ಲಿಯೇ ಗಾಡಿಯ ಸದ್ದು ಕೇಳಿಸುತ್ತಿತ್ತು. ಅತ್ತಿಗೆ ಆ ಸದ್ದಿಗೆ ಹಾಲನ್ನು ಒಲೆಯ ಮೇಲಿಡುತ್ತಿದ್ದರು. ನಾವು ಒಳಗೆ ಬಂದಾಗ ಹಾಲು ಉಕ್ಕುವುದರಲ್ಲಿತ್ತು. ಅತ್ತಿಗೆ ಒಲೆಯ ಮುಂದೆ ನಿಂತಿದ್ದರು. ಯಾವಾಗ ಬಂದು ನಿಂತೆನೆಂಬುದು ತಮಗೇ ತಿಳಿಯದವರಂತೆ. ಸ್ವಲ್ಪ ಹೊತ್ತಿನ ಮೇಲೆ ಮಗನಿಗೆ ಹೇಳಿದರು: "ನಿನಗೆ ಬೇಕಾದ್ದು ಮಾಡಿಕೊಳ್ಳಪ್ಪ, ಗಾಡಿ ಈಗ ನಿನ್ನದು. ಅದರ ಸದ್ದೊಂದು ಬದಲಾಗದಿದ್ದರೆ ಸಾಕು."

ತಮಗೆ ತಿಳಿಯದಂತೆಯೇ ಆಕೆ ಎರಡು ಹೊಡೆತದ ಎಂಜಿನ್ನಿನ ಮರ್ಮಕ್ಕೆ ಕೈಯಿಟ್ಟಿದ್ದರು. ಏಕೆಂದರೆ ಈ ಯಂತ್ರದಲ್ಲಿ ಸದ್ದೂ ಶಕ್ತಿಯೂ ಬೇರೆ ಬೇರೆಯಲ್ಲ.

ಇದನ್ನು ಜಗತ್ತಿಗೆ ಎಲ್ಲರಿಗಿಂತ ಚೆನ್ನಾಗಿ ತೋರಿಸಿಕೊಟ್ಟವನು ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಚೋಪಾವ್ ಎಂಬ ಊರಿನ ಎಂ.ಜೆಡ್. ಕಾರ್ಖಾನೆಯ ಪಂದ್ಯದ ವಿಭಾಗಕ್ಕೆ ಆತನು ಮುಖ್ಯಸ್ಥ. ಹಣವಿರಲಿಲ್ಲ; ಒಳ್ಳೆಯ ಸಾಮಗ್ರಿಯೂ ದುರ್ಲಭ. ಆತನು ಹೊರಗೆ ಹೋಗುವ ಹೊಗೆಯ ನಾದವನ್ನು ಅಧ್ಯಯನ ಮಾಡಿದನು. ಹೊಗೆಕಿಂಡಿ ತೆರೆದೊಡನೆ ಕೊಳವೆಯೊಳಗೆ ಒಂದು ಒತ್ತಡದ ಅಲೆ ಓಡುತ್ತದೆ. ಕೊಳವೆಯನ್ನು ಕ್ರಮವಾಗಿ ಅಗಲವಾಗಿಸಿದರೆ ಹಿಂದಕ್ಕೆ ಎಳೆಯುವ ಅಲೆಯೊಂದು ಮರಳಿ, ಸಿಲಿಂಡರನ್ನು ಬರಿದು ಮಾಡಲು ನೆರವಾಗುತ್ತದೆ; ಮುಂದೆ ಕಿರಿದಾಗಿಸಿದರೆ ತಳ್ಳುವ ಅಲೆ ಮರಳಿ, ಹೊರಕ್ಕೆ ಚೆಲ್ಲಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವ ಮುನ್ನ ಒಳಕ್ಕೆ ನೂಕುತ್ತದೆ. ಎಂದರೆ, ಸದ್ದೇ ಬಾಗಿಲು ಕಾಯುವ ಆಳಾಯಿತು. ಹೊಟ್ಟೆಯುಬ್ಬಿದ ಆ ಕೊಳವೆಯ ಬಲದಿಂದ 1961ರಲ್ಲಿ ಆತನ 125 ಸಿ.ಸಿ. ಎಂಜಿನ್ನು 25 ಅಶ್ವಶಕ್ತಿ ಕೊಟ್ಟಿತು, ಲೀಟರಿಗೆ ಇನ್ನೂರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸ್ವೀಡನ್ನಿನ ಪಂದ್ಯದ ಸಮಯದಲ್ಲಿ, ಆತನ ಸವಾರ ಅರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿದನು; ವಿದ್ಯೆಯೂ ಅವನೊಡನೆ ಹೋಗಿ ಜಪಾನಿನ ಸುಜುಕಿಯನ್ನು ಸೇರಿತು. 1962ರಲ್ಲಿ 50 ಸಿ.ಸಿ. ವರ್ಗದ ವಿಶ್ವವಿಜೇತ ಪದವಿ ಸುಜುಕಿಯ ಮೇಲೆ ಕುಳಿತ ಡೆಗ್ನರನಿಗೇ ಸಂದಿತು.

ಆದರೆ ಈ ವರಕ್ಕೊಂದು ಷರತ್ತಿದೆ. ಅಲೆಯು ಕಿಂಡಿಗೆ ಮರಳಿ ಬರುವ ವೇಳೆಯು ಕೊಳವೆಯ ಉದ್ದದಿಂದ ನಿಶ್ಚಿತವಾದದ್ದು. ಎಂಜಿನ್ನಿನ ವೇಗವು ಆ ವೇಳೆಗೆ ತಾಳೆಯಾದಾಗ ಮಾತ್ರ ಲಾಭ. ಉಳಿದ ವೇಗಗಳಲ್ಲಿ ಅದೇ ಅಲೆ ಅಪವೇಳೆಯ ಅತಿಥಿಯಂತೆ ಬಂದು ಕೆಲಸ ಕೆಡಿಸುತ್ತದೆ. ಕಿಂಡಿಗಳ ವಿಷಯವೂ ಹೀಗೆಯೇ. ಹೊಗೆಕಿಂಡಿಯ ಮೇಲಂಚನ್ನು ಅರೆದು ಎತ್ತರಿಸಿದರೆ ಅದು ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಸಾಧಾರಣ ವಾಹನದಲ್ಲಿ ಒಂದು ಸುತ್ತಿನ 360 ಡಿಗ್ರಿಗಳ ಪೈಕಿ ಸುಮಾರು 160 ಡಿಗ್ರಿಗಳಷ್ಟು ತೆರೆದಿರುವ ಕಿಂಡಿ, ಪಂದ್ಯದ ಎಂಜಿನ್ನಿನಲ್ಲಿ ಇನ್ನೂರರ ಸಮೀಪಕ್ಕೆ ಹೋಗುತ್ತದೆ. ವೇಗ ಹೆಚ್ಚಿದಾಗ ಉಸಿರಾಟ ಸರಾಗ. ನಿಧಾನವಾಗಿ ಹೋಗುವಾಗ ಸುಡದ ಪೆಟ್ರೋಲು ಹೊರಕ್ಕೆ ಸೋರಿ, ಎಳೆಯುವ ಬಲ ಕುಂದುತ್ತದೆ. ಈ ಸೋರಿಕೆಯ ದೋಷದಿಂದಲೇ, 2000ನೆಯ ಇಸವಿಯಿಂದೀಚೆಗೆ ಹೊಗೆಯ ನಿಯಮಗಳು ಬಿಗಿಯಾದಂತೆ, ಎರಡು ಹೊಡೆತದ ಹೊಸ ಮೋಟಾರು ಸೈಕಲುಗಳು ನಮ್ಮ ಅಂಗಡಿಗಳಿಂದ ಕಣ್ಮರೆಯಾದದ್ದು.

ಶಕ್ತಿಯನ್ನು ಹೊರಗಿನಿಂದ ತಂದು ಹಾಕುವುದಿಲ್ಲ. ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುತ್ತೇವೆ. ಇದೇ ಈ ವಿದ್ಯೆಯ ಮೊದಲ ಪಾಠ. ಎರಡನೆಯ ಪಾಠ ಇನ್ನೂ ಕಠಿಣ: ಅರೆದು ತೆಗೆದ ಲೋಹ ಮರಳಿ ಬರುವುದಿಲ್ಲ. ಅಡಿಗೆಗೆ ಉಪ್ಪು ಹೆಚ್ಚಾದರೆ ನೀರು ಬೆರೆಸಬಹುದು. ಬಟ್ಟೆ ಬಿಗಿಯಾದರೆ ಹೊಲಿಗೆ ಬಿಚ್ಚಬಹುದು. ಹೊಗೆಕಿಂಡಿ ಎರಡು ಮಿಲಿಮೀಟರು ಮೇಲೇರಿದರೆ ಅದು ಏರಿದ್ದೇ. ಹೊಸ ಸಿಲಿಂಡರು ತರೋಣವೆಂದರೆ ಕೊಟ್ಟ ಕಾರ್ಖಾನೆಯೇ ಇಲ್ಲ.

ಮೇಸ್ತ್ರಿಗಳು ಹುಡುಗನ ಆಸೆಗೆ ಅಡ್ಡಿ ಹೇಳಲಿಲ್ಲ. ಹಳೆಯ ಸಾಮಾನಿನ ವ್ಯಾಪಾರಿಯ ಬಳಿ ಬಿದ್ದಿದ್ದ ಇನ್ನೊಂದು ಸಿಲಿಂಡರನ್ನು ಕೊಂಡು ತಾ ಎಂದರು. "ಪಾಠ ಕಲಿಯುವುದು ಸ್ಲೇಟಿನ ಮೇಲೆ, ಅಪ್ಪನ ಪತ್ರದ ಮೇಲಲ್ಲ." ಆ ಮಾತು ನಾಟಿತು. ಎರಡನೆಯ ಸಿಲಿಂಡರು ಬಂದಿತು. ಹುಡುಗನು ಕಿಂಡಿಯ ಅಚ್ಚನ್ನು ಕಾಗದದ ಮೇಲೆ ಉಜ್ಜಿ ತೆಗೆದುಕೊಂಡನು, ಕೋನಗಳನ್ನು ಅಳೆದನು, ತಿಂಗಳುಗಟ್ಟಲೆ ಓದಿದನು, ಆಮೇಲೆ ಅರ ಹಿಡಿದನು. ಪ್ರಯೋಗಕ್ಕೆ ಮಿತ್ರರೊಬ್ಬರ ತೋಟದ ಖಾಸಗಿ ದಾರಿ ಒದಗಿತು. ಸಾರ್ವಜನಿಕ ರಸ್ತೆಯ ವಾಹನವನ್ನು ತಯಾರಕನ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡ ನಿಲ್ಲುತ್ತದೆ; ನೆರೆಹೊರೆಯವರ ಕಿವಿಗಳೂ ನಿಲ್ಲುತ್ತವೆ.

ಮೊದಲ ದಿನದ ಓಟದ ನಂತರ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿದರೆ ಅದರ ತುದಿ ಬೆಳ್ಳಗೆ ಸುಣ್ಣದಂತಿತ್ತು. ಮೇಸ್ತ್ರಿಗಳು ಎಂಜಿನ್ನನ್ನು ಮತ್ತೆ ಮುಟ್ಟಗೊಡಲಿಲ್ಲ. ಬಿಳುಪೆಂದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಹಾಗೆಯೇ ಓಡಿಸಿದರೆ ಪಿಸ್ಟನ್ನಿನ ನೆತ್ತಿ ತೂತಾಗುತ್ತದೆ, ಇಲ್ಲವೇ ಅದು ಸಿಲಿಂಡರನ್ನು ಕಚ್ಚುತ್ತದೆ. ಕಪ್ಪು ಮಸಿಯಾದರೆ ಪೆಟ್ರೋಲು ಅತಿಯಾಯಿತೆಂದು ಅರ್ಥ. ಸರಿಯಾದ ಬಣ್ಣ ಹದವಾಗಿ ಹಾಲು ಬೆರೆಸಿದ ಕಾಫಿಯದು. ಒಂದು ಭಾಗವನ್ನು ಬದಲಿಸಿದರೆ ಉಳಿದವೆಲ್ಲವೂ ತಮ್ಮ ಪಾಲನ್ನು ಕೇಳುತ್ತವೆ: ಕಿಂಡಿ ಬದಲಾದರೆ ಕೊಳವೆ, ಕೊಳವೆ ಬದಲಾದರೆ ಕಾರ್ಬ್ಯುರೇಟರಿನ ಜೆಟ್ಟು, ಜೆಟ್ಟು ಬದಲಾದರೆ ಕಿಡಿಯ ವೇಳೆ. ಜೆಟ್ಟುಗಳನ್ನು ಒಂದೊಂದಾಗಿ ಬದಲಿಸಿ ಕಾಫಿಯ ಬಣ್ಣಕ್ಕೆ ತರುವಷ್ಟರಲ್ಲಿ ಮೂರು ಭಾನುವಾರಗಳು ಕಳೆದವು.

ಕೊನೆಗೆ ಗಾಡಿ ಓಡಿತು. ಸಮತಟ್ಟಿನ ದಾರಿಯಲ್ಲಿ, ಸುತ್ತುಗಳು ಮೇಲೇರಿದ ಮೇಲೆ, ಯಾರೋ ಹಿಂದಿನಿಂದ ನೂಕಿದಂತೆ ಜಿಗಿಯಿತು. ಹುಡುಗನ ಮುಖವನ್ನು ಆಗ ನೀವು ನೋಡಬೇಕಾಗಿತ್ತು! ಆದರೆ ತೋಟದ ಏರಿನಲ್ಲಿ ನಾನು ಹಿಂದೆ ಕುಳಿತಾಗ, ಹಳೆಯ ಸಿಲಿಂಡರು ಎರಡನೆಯ ಗೇರಿನಲ್ಲಿ ಗುನುಗುತ್ತ ಏರುತ್ತಿದ್ದ ಜಾಗದಲ್ಲಿ ಹೊಸದು ಮೊದಲ ಗೇರಿಗೆ ಇಳಿದು ಅರಚಿಕೊಂಡಿತು. ಸದ್ದಂತೂ ಬೇರೆಯೇ ಆಗಿತ್ತು. 'ಡುಗು ಡುಗು' ಹೋಗಿ ಕರ್ಕಶವಾದ ಒಂದು ಕೀರಲು. ಹುಡುಗನು ಇಳಿದು, ಸ್ವಲ್ಪ ಹೊತ್ತು ಎಂಜಿನ್ನನ್ನೇ ನೋಡುತ್ತ ನಿಂತು, "ಇದು ಬೇರೆ ಗಾಡಿ, ಚಿಕ್ಕಪ್ಪ" ಎಂದನು. ಆ ಧ್ವನಿಯಲ್ಲಿ ಹೆಮ್ಮೆಯೂ ಇತ್ತು, ಇನ್ನೇನೋ ಕೂಡ ಇತ್ತು.

ಶಕ್ತಿಯನ್ನು ಬಯಸುವುದು ತಪ್ಪೆಂದು ಯಾರೂ ಹೇಳಲಾರರು. ಚೋಪಾವಿನ ಬಡ ಕಾರ್ಖಾನೆಯಲ್ಲಿ ಒಬ್ಬ ಮನುಷ್ಯನು ಹೊಗೆಯ ನಾದವನ್ನು ಆಲಿಸದೆ ಹೋಗಿದ್ದರೆ ಲೋಕಕ್ಕೆ ಒಂದು ವಿದ್ಯೆ ನಷ್ಟವಾಗುತ್ತಿತ್ತು. ಆದರೆ ಆತನು ಅರ ಹಿಡಿಯುವ ಮೊದಲು ಕಿವಿಗೊಟ್ಟನೆಂಬುದನ್ನು ಮರೆಯಬಾರದು. ಇರುವುದು ಎಷ್ಟು, ಅದನ್ನು ಇಟ್ಟವರು ಅಲ್ಲಿಯೇ ಏಕೆ ಇಟ್ಟರು, ಅದರಲ್ಲಿ ಎಷ್ಟನ್ನು ನಮ್ಮ ಅಲಕ್ಷ್ಯದಿಂದ ಕಳೆದುಕೊಂಡಿದ್ದೇವೆ ಎಂಬ ಲೆಕ್ಕ ಮೊದಲು. ಹೆಚ್ಚಿಸುವ ಮಾತು ಅನಂತರ. ಎಂಜಿನ್ನಿಗಷ್ಟೇ ಅಲ್ಲ, ಮನೆತನಕ್ಕೂ ಮೈಗೂ ಈ ಕ್ರಮ ಸಲ್ಲುತ್ತದೆಂದು ನನಗೆ ಅನ್ನಿಸಿದೆ.

ಈಗ ಷೆಡ್ಡಿನಲ್ಲಿ ಎರಡು ಸಿಲಿಂಡರುಗಳಿಗೂ ಜಾಗವಿದೆ. ಅರೆದದ್ದು ಎಣ್ಣೆಬಟ್ಟೆ ಸುತ್ತಿಕೊಂಡು ಹಲಗೆಯ ಮೇಲೆ ಕುಳಿತಿದೆ; ವರ್ಷಕ್ಕೊಂದೆರಡು ಬಾರಿ ತೋಟಕ್ಕೆ ಹೋಗಿ ಅರಚಿ ಬರುತ್ತದೆ. ಅರೆಯದ್ದು ಗಾಡಿಯ ಮೇಲಿದೆ.